ಹೆಬ್ಬೆರಳಿನ ಕೆಳಗೆ ಉಳಿದದ್ದು

ನಾನು ಹುಟ್ಟು ಪುಕ್ಕಲಿ. ಯುದ್ಧದ ಆ ವರ್ಷಗಳಲ್ಲಂತೂ ಹೆದರುವುದಕ್ಕೆ ಏನೂ ಕೊರತೆಯಿರಲಿಲ್ಲ. ಹಲಸೂರಿನ ರಸ್ತೆಯಲ್ಲಿ ಸೋಲ್ಜರ್‌ಗಳ ಲಾರಿ ಬಂದರೆ ಹೆದರಿಕೆ, ಸೈರನ್ ಕೂಗಿದರೆ ಹೆದರಿಕೆ, ಅದು ಬರೀ ಅಭ್ಯಾಸದ ಸೈರನ್ ಎಂದು ಗೊತ್ತಾದ ಮೇಲೂ ಹೆದರಿಕೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ನಾನು ಹೆದರುತ್ತಿದ್ದದ್ದು ಸೋಪಿನ ಡಬ್ಬಿಯಲ್ಲಿ ಹತ್ತಿಯ ಮೇಲಿದ್ದ ಒಂದು ಚಿಪ್ಪಿಗೆ. ಅದಕ್ಕೆ ಏನಾದರೂ ಆಗಿಬಿಟ್ಟರೆ ಎಂಬ ಹೆದರಿಕೆ.

ಆ ಡಬ್ಬಿ ಮೇಡಂ ಅವರದು. ಮದರಾಸಿನ ಮೇಲೆ ಬಾಂಬು ಬೀಳುತ್ತದೆಂದು ಜನ ಊರು ಬಿಟ್ಟಾಗ, ಅಲ್ಲಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಅವರು ತಾಯಿಯನ್ನು ಕರೆದುಕೊಂಡು ಬಂದು ಹಲಸೂರು ಕೆರೆಯ ಹತ್ತಿರ ಮನೆ ಮಾಡಿದ್ದರು. ಚಿತ್ರ ಬರೆಯಲು ಬರುತ್ತದೆಂದು ನನ್ನನ್ನು ಸಹಾಯಕ್ಕೆ ಇಟ್ಟುಕೊಂಡರು. ಚಿಪ್ಪಿನ ಮೇಲೆ ಪೊರೆಯಂತೆ ಹರಡಿದ್ದದ್ದು ಸಮುದ್ರದ ಪಾಚಿಪ್ರಾಣಿಗಳು, ಅಂದರೆ ಪಾಚಿಯಂತೆ ಅಂಟಿಕೊಂಡು ಸುಣ್ಣದ ಗೂಡು ಕಟ್ಟುವ ಸಣ್ಣ ಜೀವಿಗಳು. ಬರಿಗಣ್ಣಿಗೆ ಅದೊಂದು ಸುಣ್ಣದ ಕಲೆ. ಮೈಕ್ರೋಸ್ಕೋಪಿನಲ್ಲಿ ಒತ್ತೊತ್ತಾಗಿ ಕಟ್ಟಿದ ವಠಾರ. ಒಂದೊಂದು ಕೋಣೆಯಲ್ಲೂ ಒಂದೊಂದು ಜೀವ ಬಾಳಿತ್ತು. ಇದನ್ನು ಹೋಲುವ ಜಾತಿಗಳಲ್ಲಿ ಕೋಣೆಯ ಬಾಯಿಯ ಒಂದೇ ಪಕ್ಕದಲ್ಲಿ ಹಕ್ಕಿಯ ಕೊಕ್ಕಿನಂಥ ಒಂದು ಕಾವಲು ಅಂಗ ಇರುತ್ತದೆ. ಇದಕ್ಕೆ ಎರಡೂ ಪಕ್ಕ ಇತ್ತು, ಅದೂ ಕೆಳಮುಖವಾಗಿ. ಸಿಕ್ಕ ಪುಸ್ತಕಗಳ ಚಿತ್ರಗಳನ್ನೆಲ್ಲ ಹೋಲಿಸಿ ನೋಡಿದ ಮೇಲೆ ಮೇಡಂ, "ಇದು ಹೊಸ ಜಾತಿನೇ ಕಣೇ" ಎಂದರು.

ಹೊಸದೆಂದು ಬರೆದು ಹೆಸರಿಟ್ಟರೆ ಸಾಲದು. ನಾಳೆ ಯಾರಾದರೂ ಕೇಳಿದರೆ ತೋರಿಸಲು ಆ ಚಿಪ್ಪು ಇರಬೇಕು. ಇನ್ನೊಂದನ್ನು ತರಿಸೋಣವೆಂದರೆ ಅದು ಬಂದದ್ದು ಅಂಡಮಾನಿನಿಂದ. ಕಳಿಸಿದವರು ಅಲ್ಲಿ ಕೆಲಸಕ್ಕಿದ್ದ ಮೇಡಂ ಅವರ ತಮ್ಮ. ಪಾರ್ಸೆಲ್ ಬಂದ ಸ್ವಲ್ಪ ದಿನಕ್ಕೇ ದ್ವೀಪ ಜಪಾನಿಯರ ಪಾಲಾಯಿತು. ಆಮೇಲೆ ತಮ್ಮನ ಸುದ್ದಿಯೇ ಇಲ್ಲ.

ಮೇಡಂ ಅವರ ತಾಯಿಯನ್ನು ನಾನು ಅಜ್ಜಿ ಎನ್ನುತ್ತಿದ್ದೆ. ಅವರು ಆಗಾಗ ಬಂದು, "ಕಳ್ಸಿದೋನು ಅವ್ನು. ಅವನ ಹೆಸ್ರೇ ಇಡೇ ಅದಕ್ಕೆ" ಎನ್ನುವರು. ಮೇಡಂ ಮಾತು ಮರೆಸುವರು. ಒಮ್ಮೆ ನಾನೂ "ಇಡಿ ಮೇಡಂ" ಎಂದು ನಡುವೆ ಬಾಯಿ ಹಾಕಿದೆ. ಅಜ್ಜಿ ಅತ್ತ ಹೋದ ಮೇಲೆ ಮೇಡಂ ದನಿ ತಗ್ಗಿಸಿ, "ನಮ್ಮನೇಲಿ ಹೋದೋರ ಹೆಸ್ರು ಮಾತ್ರ ಮಕ್ಕಳಿಗೆ ಇಡೋದು. ಬದುಕಿರೋರದ್ದು ಇಡಲ್ಲ. ಅಮ್ಮ ಮರ್ತಿದಾಳೆ, ನಾನು ಮರ್ತಿಲ್ಲ" ಎಂದರು. ಅಷ್ಟು ಓದಿದವರು ಪೆನ್ನು ಮುಚ್ಚಿಟ್ಟರು. ಬರವಣಿಗೆಯಲ್ಲಿ ಹೆಸರಿನ ಜಾಗ ಖಾಲಿಯೇ ಉಳಿಯಿತು.

ಒಂದು ಶುಕ್ರವಾರ ಮೇಡಂ ಕೆಲಸದ ಮೇಲೆ ಪೇಟೆ ಕಡೆ ಹೋಗಿದ್ದರು. ನಾನು ಬಂದಾಗ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಒಳಗೆ ಬರೀ ಹತ್ತಿ. ಹಿತ್ತಲಿಗೆ ಓಡಿದೆ. ಅಜ್ಜಿ ಹುಣಸೆಹಣ್ಣು ಹಚ್ಚಿ ಪೂಜೆಯ ದೀಪಗಳನ್ನು ಬೆಳಗಿ ಸಾಲಾಗಿ ಬೋರಲು ಹಾಕಿದ್ದರು. ಈಗ ಅವರ ಒಂದು ಕೈಯಲ್ಲಿ ತೆಂಗಿನ ನಾರು, ಇನ್ನೊಂದರಲ್ಲಿ ಚಿಪ್ಪು.

"ಎಷ್ಟು ಕೊಳೆ ಹಿಡ್ದಿತ್ತು ನೋಡು. ಮಗ ಕಳ್ಸಿದ್ದು, ದೇವರ ಮುಂದೆ ಇಡೋಣ ಅಂತ" ಎಂದು ನಕ್ಕರು.

ಹುಳಿ ಸುಣ್ಣವನ್ನು ತಿಂದುಬಿಡುತ್ತದೆ. ಚಿಪ್ಪಿನ ಮೇಲೆ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ಹೇಳದೆ ಕೇಳದೆ ಕಿತ್ತುಕೊಂಡು ತೊಟ್ಟಿಯ ನೀರಿನಲ್ಲಿ ಮತ್ತೆ ಮತ್ತೆ ಅದ್ದಿದೆ. ಅಷ್ಟರಲ್ಲಿ ಸೈರನ್ ಕೂಗತೊಡಗಿತು. ಬೇರೆ ದಿನವಾಗಿದ್ದರೆ ಎಲ್ಲರಿಗಿಂತ ಮೊದಲು ಮಂಚದ ಕೆಳಗೆ ನುಗ್ಗುತ್ತಿದ್ದವಳು ನಾನೇ. ಅವತ್ತು ಬೀಳುವುದಾದರೆ ಬೀಳಲಿ ಅನ್ನಿಸಿತು. ಕಿಟಕಿಯ ಗಾಜಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರಿಂದ ಮೈಕ್ರೋಸ್ಕೋಪನ್ನು ವರಾಂಡದ ಬೆಳಕಿಗೆ ಹೊತ್ತು ತಂದೆ. ತಂದೆನೇ ಹೊರತು ಅದಕ್ಕೆ ಕಣ್ಣಿಡುವ ಧೈರ್ಯವಿಲ್ಲ. ಇಟ್ಟಾಗ ಕಂಡದ್ದು ನುಣುಪಾದ ಬೋಳು ಚಿಪ್ಪು. ವಠಾರವೇ ಕರಗಿ ಹೋಗಿತ್ತು. ಅಳುತ್ತಲೇ ಅಂಚಿನ ಕಡೆ ಸರಿಸಿದೆ. ಅಲ್ಲೊಂದು ತುಣುಕು ಜಾಗದಲ್ಲಿ ಗೋಡೆ ನಿಂತಿತ್ತು, ಬಾಯಿ ಇತ್ತು, ಎರಡೂ ಪಕ್ಕದಲ್ಲಿ ಕೊಕ್ಕಿತ್ತು. ಉಜ್ಜುವಾಗ ಜಾರದಿರಲೆಂದು ಅಜ್ಜಿ ಹೆಬ್ಬೆರಳು ಒತ್ತಿ ಹಿಡಿದಿದ್ದ ಜಾಗ ಅದು.

ಮೇಡಂ ಬಂದರು. ನಡೆದದ್ದನ್ನು ತೊದಲುತ್ತ ಹೇಳಿದೆ. ಅವರು ಮೈಕ್ರೋಸ್ಕೋಪಿಗೆ ಬಗ್ಗಿ ಚಿಪ್ಪನ್ನು ಅಂಚಿನಿಂದ ಅಂಚಿಗೆ ಸರಿಸಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ಅಜ್ಜಿ, "ಏನಾಯ್ತೇ? ಅವ್ನು ಕಳ್ಸಿದ್ದು ಕೆಟ್ಟೋಯ್ತಾ?" ಎಂದರು.

"ಇಲ್ಲಮ್ಮ, ಚೆನ್ನಾಗೇ ಇದೆ" ಎಂದರು ಮೇಡಂ. ಆ ತುಣುಕನ್ನೇ ಅಳೆದು, ಬರೆದು, ವಿವರಣೆ ಮುಗಿಸಿದೆವು.

ಯುದ್ಧ ಮುಗಿದ ಮೇಲೆ ಒಂದು ಮಧ್ಯಾಹ್ನ, ದ್ವೀಪದಿಂದ ಹಿಂತಿರುಗಿದ್ದ ಒಬ್ಬರು ಮನೆ ಹುಡುಕಿಕೊಂಡು ಬಂದರು. ಗೇಟಿನ ಹತ್ತಿರವೇ ನಿಂತು ಮೇಡಂ ಜೊತೆ ಮಾತಾಡಿ, ನೀರೂ ಕುಡಿಯದೆ ಹೊರಟುಹೋದರು. ಮೇಡಂ ಒಳಗೆ ಬಂದು ಹಾಳೆ ತೆಗೆದು, ಖಾಲಿ ಬಿಟ್ಟಿದ್ದ ಜಾಗದಲ್ಲಿ ತಮ್ಮನ ಹೆಸರು ಬರೆದರು. ಬಂದವರು ಹೇಳಿದ್ದೇನೆಂದು ಕೇಳಲು ನನಗೆ ಹೆದರಿಕೆ.

ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಏನ್ ಬರೀತಿದೀಯೇ?"

"ಹೆಸ್ರು ಇಟ್ಟೆ ಅಮ್ಮ. ಅವನದೇ."

ಅಜ್ಜಿಯ ಮುಖ ಅರಳಿತು. ಆಮೇಲೆ ಮಗಳ ಮುಖ ನೋಡಿದರು. ಒರೆಸುತ್ತಿದ್ದ ಕೈ ಅಲ್ಲೇ ನಿಂತಿತು.

"ಅಳಿಸೇ" ಎಂದರು. "ಅಳಿಸ್ಬಿಡೇ ಅದನ್ನ."