ನೊಣದ ಸುದ್ದಿಯಲ್ಲಿ ಕಾಲಿಗೇನು ಕೆಲಸ?

ಹೋದ ವರ್ಷದ ವಿಜ್ಞಾನ ದಿನ. ಚನ್ನಗಿರಿಯ ಕಾಲೇಜೊಂದರಲ್ಲಿ ವಸ್ತುಪ್ರದರ್ಶನವಿತ್ತು. ನಾನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಇಂಥ ಕಡೆ ಹೋಗಿ, ಹೆಸರು ಬರೆದುಕೊಂಡು, ಒಂದು ಫೋಟೊ ತೆಗೆದು ಬರುವುದು ಇಪ್ಪತ್ತು ವರ್ಷಗಳ ರೂಢಿ.

ಮೂಲೆಯ ಮೇಜಿನ ಮುಂದೆ ಜನ ನಗುತ್ತಿದ್ದರು. ಅಂತಿಮ ಬಿ.ಎಸ್ಸಿ.ಯ ಚೈತ್ರಾ ಹಣ್ಣಿನ ನೊಣಗಳನ್ನು ಬಾಟಲಿಗಳಲ್ಲಿ ಇಟ್ಟುಕೊಂಡು ನಿಂತಿದ್ದಳು. ಬಾಳೆಹಣ್ಣು ಕೊಳೆತರೆ ಮುತ್ತುತ್ತವಲ್ಲ, ಆ ಸಣ್ಣ ನೊಣ. ಜಗಳೂರು ಕಡೆಯ ಹುಡುಗಿ. ನಲ್ಲೂರಿನ ಚಿಕ್ಕಮ್ಮನ ಮನೆಯಿಂದ ಕಾಲೇಜಿಗೆ ಬರುತ್ತಿದ್ದಳು.

“ಏನವ್ವಾ, ಇಷ್ಟು ಓದಿ ನೊಣ ಹೊಡೀತಿದೀಯಾ?” ಎಂದು ಅಡಿಕೆ ಮಂಡಿಯ ಹಿರಿಯರೊಬ್ಬರು ಕೇಳಿದರು.

“ಹೊಡೀತಿಲ್ಲ ಯಜಮಾನ್ರೇ, ರವೆ-ಬೆಲ್ಲ ಹಾಕಿ ಸಾಕ್ತಿದೀನಿ.”

ಉದ್ದನೆಯ ಗಾಜಿನ ಕೊಳವೆಯೊಳಗೆ ಎಣ್ಣೆ ಸವರಿದ ಹಾಳೆ ಸುತ್ತಿದ್ದಳು. ಮೇಲಿನಿಂದ ನೊಣ ಸುರಿದು ತೋರಿಸಿದಳು. ಮಾಮೂಲಿ ನೊಣಗಳು ರೆಕ್ಕೆ ಬಡಿದು ಮೇಲ್ಭಾಗದಲ್ಲೇ ಅಂಟಿಕೊಂಡವು. ಇನ್ನೊಂದು ಬಾಟಲಿಯವುಗಳಲ್ಲಿ ಹೆಚ್ಚಿನವು ತಳ ಸೇರಿದವು.

“ರೆಕ್ಕೆ ಸರಿಯಾಗೇ ಐತೆ ಸರ್. ಒಂದು ಜೀನ್ ಬದಲಾಗಿ ಮೆದುಳಿನ ನಡುಭಾಗದ ರಚನೆ ಬೇರೆ ಆಗೈತೆ. ಅದಕ್ಕೇ ಹಾರಾಟ ಹಿಂಗೆ, ನಡಿಗೆನೂ ನಿಧಾನ. ಒಂದೊಂದನ್ನೇ ಬಿಟ್ಟು ನೋಡಿದೀನಿ. ಕೆಲವು ಹಾರಾಕೆ ಶುರುನೇ ಮಾಡಲ್ಲ, ಕೆಲವು ಹಾರಿ ನಡುವೆ ನಿಲ್ಲಿಸ್ತವೆ.”

ಇನ್ನೊಂದು ಬಾಟಲಿ ತರಲು ಹೋದಾಗ ಅವಳು ಕುಂಟುವುದು ಕಂಡಿತು. ನನ್ನ ತಲೆಯಲ್ಲಿ ತಲೆಬರಹ ತಯಾರಾಯಿತು. “ನಿನ್ನ ಕಾಲಿನ ಕಾರಣಕ್ಕೇ ಈ ವಿಷಯ ತಗೊಂಡೆಯೇನಮ್ಮಾ?” ಎಂದೆ.

“ಕಾಲು ಬೈಕಿಂದ ಬಿದ್ದು ಮುರಿದಿದ್ದು ಸರ್. ಅದಕ್ಕೂ ನೊಣಕ್ಕೂ ಏನ್ ಸಂಬಂಧ? ಪಕ್ಕದ ಮೇಜಿನ ಹುಡುಗನ್ನ, ಕನ್ನಡಕ ಹಾಕಿದೀಯ, ಅದಕ್ಕೇ ಸೋಲಾರ್ ಒಲೆ ಮಾಡಿದ್ಯಾ ಅಂತ ಕೇಳಿದ್ರಾ?”

ನಾನು ಟಿಪ್ಪಣಿ ಪುಸ್ತಕದ ಹೊಸ ಹಾಳೆ ತಿರುವಿದೆ.

“ನಾನು ಕಂಡಿದ್ದನ್ನ ಬರೀರಿ. ಅಯ್ಯೋ ಪಾಪ ಅನ್ನೋ ಸುದ್ದಿ ಬ್ಯಾಡ. ಆರು ತಿಂಗಳ ಕೆಲಸ ಅದರಲ್ಲಿ ಮುಳುಗಿ ಹೋಗುತ್ತೆ.”

ಕಾಲಿನ ಮಾತು ಬಿಟ್ಟು ಬರೆದು ಕಳಿಸಿದೆ. ಸಂಜೆ ಪತ್ರಿಕೆಯ ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನಿಂದ ಫೋನ್ ಬಂತು. “ಅಲ್ರೀ, ಹುಡುಗಿ ಕುಂಟ್ತಾಳಂತೆ! ಬೇರೆ ಪೇಪರಿನವರೆಲ್ಲ ಅದನ್ನೇ ಹಾಕ್ತಿದಾರೆ. ನೀವೂ ಸೇರಿಸಿ, ಮುಖಪುಟಕ್ಕೆ ತಗೊಳ್ಳೋಣ.”

“ಸುದ್ದಿಗೂ ಅದಕ್ಕೂ ಸಂಬಂಧವಿಲ್ಲ ಸರ್.”

“ಹಂಗಾದ್ರೆ ಒಳಪುಟದಲ್ಲಿ ನಾಲ್ಕು ಸಾಲು ಅಷ್ಟೇ.”

“ನಾಲ್ಕೇ ಇರಲಿ. ಸೇರಿಸೋದಿಲ್ಲ.” ಡೆಸ್ಕಿಗೆ ನಾನು ಎದುರಾಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಚೈತ್ರಾಳೇ ಫೋನ್ ಮಾಡಿದಳು. ಧನ್ಯವಾದ ಹೇಳುತ್ತಾಳೆಂದುಕೊಂಡೆ.

“ಸರ್, ‘ರೋಗಪೀಡಿತ ನೊಣಗಳು’ ಅಂತ ಹಾಕೀರಿ. ರೋಗ ಅಂತ ನಾನು ಯಾವಾಗ ಹೇಳಿದೆ? ರಚನೆ ಬೇರೆ ಅಂದಿದ್ದೆ.”

ಆ ಪದ ಡೆಸ್ಕಿನದಲ್ಲ, ನನ್ನದೇ. ಕಾಲಿನ ಮಾತು ಬಿಟ್ಟೆನೆಂದು ಬೀಗುತ್ತಿದ್ದವನು ಕನಿಕರವನ್ನು ಬೇರೆ ಬಾಗಿಲಿನಿಂದ ಒಳಗೆ ಬಿಟ್ಟುಕೊಂಡಿದ್ದೆ.

ತಿದ್ದುಪಡಿ ಕಳಿಸಿದೆ. “ನೊಣಕ್ಕೂ ತಿದ್ದುಪಡೀನಾ?” ಎಂದು ಡೆಸ್ಕಿನವರು ನಕ್ಕರು. ಹಾಕುವವರೆಗೆ ಬೇರೆ ಸುದ್ದಿ ಕಳಿಸುವುದಿಲ್ಲ ಎಂದೆ. ಹಾಕಿದರು.

ಮುಖಪುಟದಲ್ಲಿ ನನ್ನ ಹೆಸರು ಎಷ್ಟೋ ಸಲ ಬಂದಿದೆ, ಯಾವುದನ್ನೂ ಕತ್ತರಿಸಿಟ್ಟಿಲ್ಲ. ಹೆಸರಿಲ್ಲದ ಆ ಎರಡು ಸಾಲಿನ ತಿದ್ದುಪಡಿ ಮಾತ್ರ ನನ್ನ ಮೇಜಿನ ಗಾಜಿನ ಕೆಳಗಿದೆ.