ಮೆಣಸಿನಕಾಯಿ ಬಣ್ಣದ ಕಟ್ಟಿಗೆ

ಕಾಕಾ ಅವರ ಹತ್ತು ಉಗುರುಗಳಲ್ಲಿ ಒಂದೂ ಉಗುರಿನ ಬಣ್ಣದಲ್ಲಿ ಇರುತ್ತಿರಲಿಲ್ಲ. ಹೆಬ್ಬೆರಳಿನದು ಹಸಿರು, ತೋರುಬೆರಳಿನದು ನೀಲಿ, ಉಳಿದವಕ್ಕೆ ಆ ವಾರ ಯಾವ ಬಣ್ಣದ ಕೆಲಸ ನಡೆದಿದೆಯೋ ಅದು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅದಕ್ಕೇ ಅವರ ಹೆಂಡತಿ, ನಮ್ಮ ಕಾಕೂ, ರೊಟ್ಟಿ ಬುಟ್ಟಿಗೆ ಅವರು ಕೈ ಹಾಕಲು ಬಿಡದೆ ತಾವೇ ಬಡಿಸುತ್ತಿದ್ದರು.

ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯ ಒಳಗಿನ ಓಣಿಯಲ್ಲಿ ಅವರ ಪ್ಲೈವುಡ್ ಅಂಗಡಿ. ನನಗೆ ಬಂಧುವಲ್ಲ, ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಎಂದೆ. ನಾನು ಹಾವೇರಿಯ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕಟ್ಟಿಗೆಯನ್ನು ಗರಗರ ತಿರುಗಿಸುವ ಸಣ್ಣ ಲೇತ್ ಯಂತ್ರ ಇಟ್ಟುಕೊಂಡು ಪೆನ್ನು ಕಡೆಯುವವಳು. ಬಣ್ಣದ ಪಟ್ಟೆಗಳಿರುವ ಪೆನ್ನಿಗೆ ಬೇಡಿಕೆ ಜಾಸ್ತಿ. ಆದರೆ ಅದಕ್ಕೆ ಬೇಕಾದ ಪದರುಗಟ್ಟಿದ ತುಂಡುಗಳು ಪರದೇಶದಿಂದ ಬರಬೇಕಿತ್ತು; ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಂಥ ತುಂಡೊಂದನ್ನು ಹಿಡಿದುಕೊಂಡು "ಇಂಥಾದ್ದು ಸಿಗತೈತೇನ್ರಿ?" ಎಂದು ಅಂಗಡಿ ಅಂಗಡಿ ಅಲೆಯುತ್ತಾ ಅವರಲ್ಲಿಗೆ ಬಂದೆ. ಅವರು ಅದನ್ನು ಮೂಸಿದರು, ಕಿವಿಯ ಹತ್ತಿರ ಹಿಡಿದು ಬೆರಳಿಂದ ಬಡಿದರು. "ಸಿಗೂದಿಲ್ಲ. ಮಾಡಬೇಕು. ಕುಂದ್ರವ್ವಾ," ಎಂದರು.

ಕಾಗದದಂಥ ಕಟ್ಟಿಗೆ ಹಾಳೆಗಳನ್ನು ಬಣ್ಣದ ನೀರಿನಲ್ಲಿ ಕುದಿಸಿ, ಒಣಗಿಸಿ, ಅಂಟು ಸವರಿ ಒಂದರ ಮೇಲೊಂದಿಟ್ಟು, ಒತ್ತಿ, ಆಮೇಲೆ ಹೆಬ್ಬೆರಳ ಗಾತ್ರಕ್ಕೆ ಕೊಯ್ಯುವುದು. ಕೇಳಲು ಸುಲಭ, ಕೈಗೆ ಹತ್ತಲು ಅವರಿಗೆ ತಿಂಗಳುಗಳೇ ಹಿಡಿದವು. ಯಾವ ಬಣ್ಣದ ಪಕ್ಕ ಯಾವುದು ಒಪ್ಪುತ್ತದೆ ಎನ್ನುವುದನ್ನು ಸೀರೆಯ ದಡಿ ನೋಡಿ ಕಲಿತರು. ಬಸ್ ಸ್ಟ್ಯಾಂಡಿನಲ್ಲಿ ಯಾರದೋ ದಡಿಯನ್ನು ದಿಟ್ಟಿಸುತ್ತಾ ನಿಂತು ಚೆನ್ನಾಗಿ ಬೈಸಿಕೊಂಡೂ ಬಂದರು. "ಬೈದ್ರ ಬೈಲಿ, ಬಣ್ಣ ಸಿಕ್ತಲ್ಲ," ಎಂದು ನಕ್ಕರು.

ಹೀಗಿರುವಾಗ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಮಗಳ ಮದುವೆಯಲ್ಲಿ ಬೀಗರಿಗೆ ಕೊಡಲು ಪೆನ್ನು ಕೇಳಿದರು. ಬಣ್ಣ ಅವರ ಮೆಣಸಿನಕಾಯಿಯದೇ ಆಗಬೇಕು. ಕಾರ್ಖಾನೆಯಲ್ಲಿ ತೆಗೆದ ಕೆಂಪು ರಸದ ಡಬ್ಬಿಯನ್ನೂ ಕೊಟ್ಟರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಂಥ ಪೆನ್ನು ಯಾರೂ ಮಾಡಿಲ್ಲ ಎಂದು ಕಂಡಕಂಡವರಿಗೆ ಹೇಳಿದೆ. ಕಾಕಾ ಡಬ್ಬಿಯೊಳಗೆ ಬೆರಳು ಅದ್ದಿ ಉಜ್ಜಿ ನೋಡಿದರು.

"ಬ್ಯಾಡವ್ವಾ. ಇದು ಎಣ್ಣಿ. ಎಣ್ಣಿ ಇದ್ದಲ್ಲಿ ಅಂಟು ಹಿಡಿಯೂದಿಲ್ಲ. ಲೇತಿನ ಮ್ಯಾಲೆ ಸಿಡೀತೈತಿ."

ನನ್ನ ಬಾಯಿ ಮೊದಲೇ ಉದ್ದ. "ನಿಮಗ ವಯಸ್ಸಾತ್ರಿ ಕಾಕಾ, ಹೊಸಾದು ಅಂದ್ರ ಅಂಜಿಕಿ. ಇರ್ಲಿ ಬಿಡ್ರಿ, ಬ್ಯಾರೇ ಯಾರರೆ ಮಾಡ್ತಾರ," ಎಂದುಬಿಟ್ಟೆ. ಅವರು ಡಬ್ಬಿಯನ್ನು ಒಳಗಿಟ್ಟುಕೊಂಡರು.

ಹದಿನೈದು ದಿನ ಬಿಟ್ಟು ತಾವೇ ಹಾವೇರಿಗೆ ತುಂಡುಗಳನ್ನು ತಂದರು. ಎಂಥ ಕೆಂಪು! ಎಣ್ಣೆ ಹೋಗಲೆಂದು ಹಾಳೆಗಳನ್ನು ಎರಡೆರಡು ಸಲ ಥಿನ್ನರಿನಲ್ಲಿ ಒರೆಸಿದ್ದರಂತೆ, ಆದರೂ ನಂಬಿಕೆ ಇರಲಿಲ್ಲ. "ಮೊದಲನೇದ್ದು ನಾ ತಿರುವಿ ನೋಡ್ತೇನಿ," ಎಂದರು. ಹರೆಯದಲ್ಲಿ ಲೇತಿನ ಮೇಲೆ ತೊಟ್ಟಿಲಿನ ಕಟ್ಟಿಗೆ ಗುಂಡು ಕಡೆದವರು. ಮುಖಕ್ಕೆ ಹಾಕುವ ಪಾರದರ್ಶಕ ಗುರಾಣಿ ಶೆಡ್ಡಿನಲ್ಲಿ ಇದ್ದದ್ದು ಒಂದೇ. ಅದನ್ನು ನನ್ನ ತಲೆಗೆ ಸಿಕ್ಕಿಸಿ ಗೋಡೆಯ ಕಡೆ ನಿಲ್ಲಿಸಿದರು. ನೀವು ಹಾಕಿಕೊಳ್ಳಿ ಎಂದು ನಾನು ಹೇಳಬೇಕಿತ್ತು. ನನ್ನ ಗಮನವೆಲ್ಲ ಬಣ್ಣದ ಮೇಲಿತ್ತು. ಉಳಿ ತಾಗಿಸಿದ ಸ್ವಲ್ಪ ಹೊತ್ತಿಗೆ ತುಂಡು ಸೀಳಿ ಹಾರಿತು. ಕಾಕಾ ಎಡಗಣ್ಣು ಮುಚ್ಚಿಕೊಂಡು ಕುಸಿದರು.

ಕಣ್ಣು ಉಳಿಯಲಿಲ್ಲ. ಆಸ್ಪತ್ರೆಗೆ ಓಡಿಬಂದ ಕಾಕೂ "ಹೆಂಗಾತು?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ಕಾಕಾ ಹೇಳಿದರು: "ನನ್ನ ಹಟದಿಂದ ಆತು. ಆಕಿ ಬ್ಯಾಡ ಬ್ಯಾಡ ಅಂದ್ಲು, ನಾ ಕೇಳ್ಲಿಲ್ಲ."

ನಾನು ಅವರ ಕಾಲಿನ ಮೇಲಿನ ಹೊದಿಕೆ ಸರಿಪಡಿಸಿದೆ. ಆ ಕ್ಷಣಕ್ಕೆ ನನ್ನ ಎದೆ ಹಗುರಾಯಿತು ಎನ್ನುವುದನ್ನೂ ಬರೆದುಬಿಡುತ್ತೇನೆ. ವ್ಯಾಪಾರಿಗೆ ಕೊನೆಗೆ ಅಂಗಡಿಯಲ್ಲಿ ಸಿಗುವ ಸಾದಾ ಕೆಂಪು ಬಣ್ಣ ಹಾಕಿ ಮಾಡಿದ ಪೆನ್ನುಗಳನ್ನೇ ಕೊಟ್ಟೆ. ಅವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಆಮೇಲೂ ಕಾಕಾ ತುಂಡು ಮಾಡುವುದನ್ನು ಬಿಡಲಿಲ್ಲ. ಒಂದೇ ಕಣ್ಣಿಗೆ ಅಳತೆ ಸಿಗದೆ ಪಟ್ಟೆಗಳು ಓರೆಯಾಗುತ್ತಿದ್ದವು. "ಗೆರಿ ನೆಟ್ಟಗ ಬಂದಾವಿಲ್ಲೋ?" ಎಂದರೆ "ಬಂದಾವ್ರಿ" ಎನ್ನುತ್ತಿದ್ದೆ, ಮನೆಗೆ ತಂದು ಕಪಾಟಿನಲ್ಲಿ ತುಂಬುತ್ತಿದ್ದೆ. ಪೆನ್ನಿಗೆ ಮತ್ತೆ ಪರದೇಶದ ತುಂಡುಗಳೇ ಬಂದವು. ಒಮ್ಮೆ ಇಬ್ಬರೇ ಇದ್ದಾಗ, "ಕಾಕೂಗ ಖರೇ ಹೇಳಿಬಿಡ್ತೇನ್ರಿ," ಎಂದೆ.

"ಹೇಳಿದ್ರ ಆಕಿ ನಿನ್ನ ಹೊಸ್ತಿಲಾ ತುಳಿಯಾಕ ಬಿಡೂದಿಲ್ಲ. ಆಮ್ಯಾಲ ನನಗ ಮಾತಾಡಾಕ ಯಾರು ಬರ್ತಾರ?" ಎಂದರು. ಆ ಮಾತು ನನಗೆ ಅನುಕೂಲವೇ ಆಯಿತು.

ಹೋದ ವರ್ಷ ಎದೆನೋವು ಬಂದು ಕಾಕಾ ತೀರಿಕೊಂಡರು. ಮಣ್ಣಿಗೆ ಹೋದಾಗ ಕಾಕೂ ನನ್ನನ್ನು ತಬ್ಬಿಕೊಂಡು, ಸೆರಗಿನಿಂದ ನನ್ನ ಕಣ್ಣೊರೆಸಿ, ಸೇರಿದವರಿಗೆಲ್ಲ ಹೇಳಿದರು: "ಅವತ್ತು ಈಕಿ ಎಷ್ಟು ಬ್ಯಾಡ ಅಂದ್ಲು ಗೊತ್ತೇನ್ರಿ? ಈಕಿ ಮಾತು ಕೇಳಿದ್ರ ಕಣ್ಣರೆ ಉಳೀತಿತ್ತು."

ಅಷ್ಟು ಜನರ ನಡುವೆ ನಾನು ತಲೆಯಾಡಿಸಿದೆ.

ಈಗಲೂ ತಿಂಗಳಿಗೊಮ್ಮೆ ಅವರ ಮನೆಗೆ ಹೋಗುತ್ತೇನೆ. ಈ ಸಲ ಹೋಗುವಾಗ ಇದನ್ನೆಲ್ಲ ಬರೆದ ಈ ಹಾಳೆಗಳನ್ನು ಒಯ್ಯುತ್ತೇನೆ. ಕಾಕೂಗೆ ಓದಲು ಬಾರದು. ನಾನೇ ಓದಿ ಹೇಳಬೇಕು.