ಕುಂಬಳಗೋಡಿನ ಹತ್ತಿರ ಐದು ಜನರಿಗೆ ಕಾದದ್ದು

ಮಾರೇನಹಳ್ಳಿಯಿಂದ ಬೆಳಿಗ್ಗೆ ಎಂಟಕ್ಕೆ ಸ್ಕೂಟರಿನಲ್ಲಿ ಹೊರಟೆವು. ಕುಂಬಳಗೋಡಿನ ಹತ್ತಿರದ ಒಂದು ಶಾಲೆಯಲ್ಲಿ ಒಂಬತ್ತೂವರೆಗೆ ನಮ್ಮ ಯಜಮಾನರಿಗೆ ಬಸ್ ಡ್ರೈವರ್ ಕೆಲಸದ ಟೆಸ್ಟ್ ಇತ್ತು. ಇಪ್ಪತ್ತು ವರ್ಷ ಕಾರ್ಖಾನೆ ಬಸ್ ಓಡಿಸಿದವರು. ಕಾರ್ಖಾನೆ ಮುಚ್ಚಿ ಎಂಟು ತಿಂಗಳಾಗಿತ್ತು. ಮನೆಯಲ್ಲಿ ಒಬ್ಬರೇ ಕೂತರೆ ಗೋಡೆ ನೋಡುತ್ತಾರೆ, ಟೆಸ್ಟಿಗೆ ಒಬ್ಬರೇ ಹೋದರೆ ಗಾಬರಿಯಾಗುತ್ತಾರೆ. ಅದಕ್ಕೇ ನಾನೂ ಹಿಂದೆ ಕೂತೆ.

ಚಂದ್ರಾ ಲೇಔಟಿನ ದರ್ಶಿನಿಯಲ್ಲಿ ನಿಂತೇ ಇಡ್ಲಿ ತಿಂದೆವು. ಅವರು ಒಂದು ತಿಂದು ಇನ್ನೊಂದನ್ನು ನನ್ನ ತಟ್ಟೆಗೆ ಹಾಕಿದರು. ನಾಯಂಡಹಳ್ಳಿ ದಾಟುವಷ್ಟರಲ್ಲಿ ಬಿಸಿಲು ಏರಿತ್ತು. ಮೈಸೂರು ರಸ್ತೆಯ ಧೂಳು ಕುಡಿಯುತ್ತಾ ಕೆಂಗೇರಿ ಮುಟ್ಟಿದಾಗ ಒಂಬತ್ತು.

ಶಾಲೆ ಇರುವುದು ಹೆದ್ದಾರಿಯ ಬಲಗಡೆ. ಸರಿಯಾಗಿ ಹೋಗಬೇಕಾದರೆ ಇನ್ನೂ ಎರಡು ಕಿಲೋಮೀಟರ್ ಮುಂದೆ ಹೋಗಿ ಯೂ ಟರ್ನ್ ತೆಗೆದುಕೊಂಡು ವಾಪಸ್ ಬರಬೇಕು. ಸೇತುವೆ ಕೆಳಗೆ ದಾಟಿ, ಬರುವ ವಾಹನಗಳಿಗೆ ಎದುರಾಗಿ ಹೋದರೆ ಐದೇ ನಿಮಿಷ. ಅವರು ಹಿಂದುಮುಂದು ನೋಡಿದರು. "ಹೋಗ್ರೀ, ಎಲ್ರೂ ಹೋಗ್ತಾರಲ್ಲ" ಎಂದವಳು ನಾನೇ.

ಎದುರಿನಿಂದ ಬಂದ ಬೈಕಿನವನೊಬ್ಬ ನಮ್ಮನ್ನು ನೋಡಿ ತನ್ನ ತಲೆ ತಟ್ಟಿಕೊಂಡ. ಮುಂದೆ ಪೊಲೀಸರಿದ್ದಾರೆ ಅನ್ನುವುದಕ್ಕೆ ನಮ್ಮ ಊರಿನ ಸನ್ನೆ ಅದು. ಹೆಲ್ಮೆಟ್ ಚೆಕಿಂಗ್ ಇರಬೇಕು, ನಮ್ಮಿಬ್ಬರ ತಲೆ ಮೇಲೂ ಇದೆಯಲ್ಲ ಅಂದುಕೊಂಡು ಮುಂದೆ ಹೋದೆವು. ತಿರುವಿನಲ್ಲಿ ಸಬ್ ಇನ್ಸ್‌ಪೆಕ್ಟರ್ ಕೈ ಅಡ್ಡ ಹಿಡಿದರು. ಅವರು ನಿಂತಿದ್ದದ್ದು ರಾಂಗ್ ಸೈಡ್ ಬರುವವರಿಗಾಗಿ!

"ಸಾರ್, ಡ್ರೈವರ್ ಕೆಲಸಕ್ಕೆ ಹೋಗ್ತಾ ಇದೀನಿ. ಕೇಸ್ ಮಾತ್ರ ಹಾಕ್ಬೇಡಿ" ಎಂದು ನಮ್ಮವರು ಕೈ ಮುಗಿದರು.

"ಡ್ರೈವರ್ರಾ? ಚೆನ್ನಾಗಿದೆ. ಈ ‘ರಾಂಗ್ ಸೈಡ್ ಬರಬೇಡಿ’ ಬೋರ್ಡ್ ಹಿಡ್ಕೊಳಿ. ನಿಮ್ ಥರಾನೇ ಬರೋ ಐದು ಜನಾನ ನಿಲ್ಸಿ ಬುದ್ಧಿ ಹೇಳಿ, ಆಮೇಲೆ ಹೋಗಿ."

ಹತ್ತು ನಿಮಿಷದಲ್ಲಿ ಮೂರು ಜನ ಸಿಕ್ಕರು. ಆಮೇಲೆ ಒಬ್ಬರೂ ಇಲ್ಲ. ನೋಡಿದರೆ, ನಮ್ಮನ್ನು ದಾಟಿ ಹೋದ ಪ್ರತಿಯೊಬ್ಬರೂ ಮುಂದೆ ತಲೆ ತಟ್ಟಿಕೊಳ್ಳುತ್ತಿದ್ದರು. ರಾಂಗ್ ಸೈಡಿನವರು ಅಲ್ಲಿಂದಲೇ ಗಾಡಿ ತಿರುಗಿಸುತ್ತಿದ್ದರು. ಏನು ಪರೋಪಕಾರಿ ಜನ ಅಂತೀರಿ! ನನಗೆ ಮೈಯೆಲ್ಲ ಉರಿಯಿತು. ಆದರೆ ದಿನಾ ತಲೆ ತಟ್ಟುವವರಲ್ಲಿ ನಮ್ಮ ಯಜಮಾನರೂ ಒಬ್ಬರು, ಯಾರನ್ನು ಬೈಯಲಿ?

"ದಿನಾ ಇದೇ ಅಮ್ಮ" ಎಂದು ಇನ್ಸ್‌ಪೆಕ್ಟರ್ ನೀರಿನ ಬಾಟಲಿ ನನ್ನ ಕಡೆ ಚಾಚಿದರು. "ನಾಳೆ ನಾವಿಲ್ಲಿ ಇರಲ್ಲ, ಮತ್ತೆ ಶುರು." ಅವರ ಕಣ್ಣು ಧೂಳಿಗೆ ಕೆಂಪಾಗಿತ್ತು. ಹತ್ತು ಗಂಟೆಗೆ ಅವರಿಗೇ ಬೇಜಾರಾಗಿ "ಹೋಗಿ ಮಾರಾಯ್ರೆ" ಎಂದುಬಿಟ್ಟರು.

ಅಷ್ಟರಲ್ಲಿ ಶಾಲೆಯ ಮ್ಯಾನೇಜರ್ ಫೋನ್ ಬಂತು. ಯಜಮಾನರು ಸ್ಪೀಕರಿಗೆ ಹಾಕಿದರು. ಪಂಚರ್ ಆಯ್ತು ಅನ್ನಿ ಎಂದು ನಾನು ಚಕ್ರ ತೋರಿಸಿ ಸನ್ನೆ ಮಾಡಿದೆ.

"ರಾಂಗ್ ಸೈಡ್ ಬಂದೆ ಸಾರ್. ಪೊಲೀಸ್ನೋರು ಹಿಡಿದ್ರು" ಎಂದರು ಅವರು.

ಆ ಕಡೆಯಿಂದ ಮ್ಯಾನೇಜರ್ ಅಂದರು, "ನಲವತ್ತು ಮಕ್ಕಳು ಕೂರ್ತಾರೆ ಸ್ವಾಮಿ ನಮ್ ಬಸ್ಸಲ್ಲಿ." ಫೋನ್ ಕಟ್ಟಾಯಿತು.

ಗಾಡಿ ಮನೆ ಕಡೆ ತಿರುಗಿಸಿದರು. ಕೆಂಗೇರಿಯ ಸಿಗ್ನಲಿನಲ್ಲಿ ನಿಂತಾಗ ನನಗೆ ತಡೆಯಲಾಗಲಿಲ್ಲ. "ನನ್ ಹೆಂಡ್ತಿ ಹೇಳಿದ್ಲು ಅಂತ ಅನ್ಬೇಕಿತ್ತು ನೀವು" ಎಂದೆ. ಅಳು ಬಂದಿತ್ತು.

ಅವರು ತಿರುಗಿ ನೋಡಲಿಲ್ಲ.

"ಹ್ಯಾಂಡಲ್ ನನ್ ಕೈಲಿತ್ತು ಕಣೇ."